ಪರದೇಶದ ಪೆಟ್ಟಿಗೆಯನ್ನು ತುಂಬತಕ್ಕವರು ಯಾರು?

ದೂರದೇಶಕ್ಕೆ ಹೊರಟವರನ್ನು ವಿಮಾನನಿಲ್ದಾಣದಲ್ಲಿ ಅನೇಕ ವೇಳೆ ಕೇಳುವ ಪ್ರಶ್ನೆಗಳಲ್ಲಿ ಒಂದು ಬಹು ಚಿಕ್ಕದು: “ಈ ಪೆಟ್ಟಿಗೆಯನ್ನು ತುಂಬಿದವರು ನೀವೇ ಏನು?” ನಮ್ಮ ಸೀಮೆಯ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಈ ಪ್ರಶ್ನೆಗೆ “ಹೌದು” ಎಂದೇ ಉತ್ತರ ಕೊಟ್ಟು ಮುಂದೆ ಸಾಗುತ್ತಾರೆ. ಆದರೆ ಆ ಉತ್ತರವು ಎಷ್ಟರ ಮಟ್ಟಿಗೆ ನಿಜವಾದುದು? ಪೆಟ್ಟಿಗೆಯ ತಳದಲ್ಲಿ ಅಮ್ಮನು ಇಟ್ಟ ಡಬ್ಬಿಗಳು, ನಡುವೆ ಸೋದರತ್ತೆಯು ಸೇರಿಸಿದ ಪೊಟ್ಟಣಗಳು, ಮೇಲೆ ನೆರೆಮನೆಯವರು ತಮ್ಮ ಮಗನಿಗೆಂದು ಕೊಟ್ಟ ಗಂಟು. ಹೊರಟವಳು ಸ್ವತಃ ಇಟ್ಟುದು ಎರಡು ಪುಸ್ತಕ ಮಾತ್ರ. ಹೀಗಿರುವಲ್ಲಿ ಆ ಚಿಕ್ಕ ಪ್ರಶ್ನೆಯು ನಿಜವಾಗಿ ಚಿಕ್ಕದಲ್ಲವೆಂದು ನಮ್ಮ ಅಭಿಪ್ರಾಯ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರೂ ಅವರ ತಾಯಿತಂದೆಗಳೂ ಈ ವಿಷಯವನ್ನು ಸ್ವಲ್ಪ ಸಾವಧಾನವಾಗಿ ಆಲೋಚಿಸಬೇಕೆಂದು ಬಯಸಿ ಈ ಕೆಲವು ಮಾತುಗಳನ್ನು ಮುಂದಿಡುತ್ತೇವೆ.

ಅರ್ಕಾವತಿಯು ಹರಿಯುವ ರಾಮನಗರ, ಕನಕಪುರಗಳಿಂದಲೂ, ಕಣ್ವಾ ತೀರದ ಚನ್ನಪಟ್ಟಣದಿಂದಲೂ, ಸಾವನದುರ್ಗದ ನೆರಳಿನ ಮಾಗಡಿಯಿಂದಲೂ ಹೆಣ್ಣುಮಕ್ಕಳು ಹೊರದೇಶಕ್ಕೆ ಹೋಗುವುದು ಈಗ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಒಬ್ಬಳು ದಾದಿಯಾಗಿ ಕೊಲ್ಲಿಯ ದೇಶಗಳಿಗೆ ಹೋಗುತ್ತಾಳೆ. ಮತ್ತೊಬ್ಬಳು ಮೇಲ್ತರಗತಿಯ ವಿದ್ಯೆಗಾಗಿ ಇಂಗ್ಲೆಂಡಿಗೋ ಆಸ್ಟ್ರೇಲಿಯಕ್ಕೋ ಹೋಗುತ್ತಾಳೆ. ಇನ್ನೊಬ್ಬಳು ಗಂಡನ ಉದ್ಯೋಗದ ನಿಮಿತ್ತ ಅಮೆರಿಕವನ್ನು ಸೇರುತ್ತಾಳೆ. ಓದಲು ಅನುಕೂಲವಿಲ್ಲದವಳೊಬ್ಬಳು ಮನೆಗೆಲಸಕ್ಕೆಂದು ಕಡಲನ್ನು ದಾಟುತ್ತಾಳೆ. ೨೦೦೮ರಲ್ಲಿ ದೇವನಹಳ್ಳಿಯ ಬಳಿ ತೆರೆದ ವಿಮಾನನಿಲ್ದಾಣಕ್ಕೆ ೨೦೧೩ರಲ್ಲಿ ಕೆಂಪೇಗೌಡರ ಹೆಸರನ್ನಿಟ್ಟರು. ೧೬೩೮ರಲ್ಲಿ ಬೆಂಗಳೂರು ಕೈತಪ್ಪಿದ ಮೇಲೆ ಆ ವಂಶದವರು ನೆಲೆಯೂರಿದ್ದು ನಮ್ಮ ಮಾಗಡಿಯಲ್ಲಿಯೇ. ಮಾಗಡಿಯ ಪ್ರಭುಗಳ ಹೆಸರು ಹೊತ್ತ ಹೆಬ್ಬಾಗಿಲಿನಿಂದಲೇ ನಮ್ಮ ಮಕ್ಕಳು ಲೋಕಕ್ಕೆ ಹೊರಡುತ್ತಾರೆಂದರೆ ಸಂತೋಷಪಡತಕ್ಕುದೇ ಸರಿ. ಆದರೆ ಬಾಗಿಲು ದೊಡ್ಡದಾದ ಮಾತ್ರಕ್ಕೆ ಪ್ರಯಾಣವು ಸುಲಭವಾಗುವುದಿಲ್ಲ.

ಬುತ್ತಿ ಕಟ್ಟಿಕೊಟ್ಟು ಕಳುಹಿಸುವುದು ನಮ್ಮ ನಾಡಿನ ಹಳೆಯ ಸಂಪ್ರದಾಯ. ಸಂತೆಗೆ ಹೋದರೂ ಬುತ್ತಿ, ಜಾತ್ರೆಗೆ ಹೋದರೂ ಬುತ್ತಿ, ಮಗಳು ಗಂಡನ ಮನೆಗೆ ಹೊರಟರಂತೂ ಮಡಿಲಕ್ಕಿಯ ಸಮೇತ ಬುತ್ತಿ. ಹಸಿದವರಿಗೆ ದಾರಿಯಲ್ಲಿ ಅನ್ನ ದೊರೆಯದ ಕಾಲದಲ್ಲಿ ಇದು ಪ್ರೀತಿಯೂ ಆಗಿತ್ತು, ವಿವೇಕವೂ ಆಗಿತ್ತು. ಇಂದು ಪ್ರೀತಿಯು ಹಾಗೆಯೇ ಉಳಿದಿದೆ. ವಿವೇಕವು ಮಾತ್ರ ಕಾಲಕ್ಕೆ ತಕ್ಕಂತೆ ಬದಲಾಯಿಸಿಲ್ಲ. ರಾಗಿಹಿಟ್ಟು, ಹುರಿಹಿಟ್ಟು, ಸಾರಿನಪುಡಿ, ಚಟ್ನಿಪುಡಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ತುಪ್ಪ, ಕೊಬ್ಬರಿ, ಗಸಗಸೆ ಇವುಗಳನ್ನೆಲ್ಲ ತುಂಬಿದ ಮೇಲೆ ಉಳಿದ ಸಂದಿನಲ್ಲಿ ಬಟ್ಟೆಬರೆಗಳನ್ನು ತುರುಕುವುದು ಎಷ್ಟೋ ಮನೆಗಳ ಪದ್ಧತಿ. ಕಾಗದಪತ್ರಗಳ ವಿಚಾರವು ಬಾಡಿಗೆಯ ಕಾರು ಬಾಗಿಲಿಗೆ ಬಂದು ನಿಂತಾಗ ನೆನಪಿಗೆ ಬರುತ್ತದೆ. ಈ ಕ್ರಮವು ತಲೆಕೆಳಗಾದುದು. ಮೊದಲು ಇರಬೇಕಾದುದು ಕಡೆಗೂ, ಕಡೆಗೆ ಇರಬೇಕಾದುದು ಮೊದಲಿಗೂ ಬಂದಿದೆ ಎಂಬುದೇ ನಮ್ಮ ಆಕ್ಷೇಪಣೆ.

ಪೆಟ್ಟಿಗೆಯನ್ನು ಹೊರಡುವವಳೇ ತುಂಬಬೇಕು, ಒಂದೊಂದು ಪದಾರ್ಥದ ವಿಚಾರವನ್ನೂ ತಿಳಿದು ತುಂಬಬೇಕು ಎಂದು ನಾವು ಹೇಳುವುದು ಶಿಸ್ತಿನ ವ್ಯಾಮೋಹದಿಂದಲ್ಲ. ನಮ್ಮಲ್ಲಿ ನಿರಪರಾಧಿಯಾದ ವಸ್ತುವು ಮತ್ತೊಂದು ದೇಶದಲ್ಲಿ ಅಪರಾಧವಾಗಿ ಎಣಿಸಲ್ಪಡುತ್ತದೆ. ಗಸಗಸೆಯನ್ನೇ ತೆಗೆದುಕೊಳ್ಳೋಣ. ಹಬ್ಬದ ದಿನ ಗಸಗಸೆಯ ಪಾಯಸವಿಲ್ಲದ ಮನೆ ನಮ್ಮಲ್ಲಿ ಕಡಿಮೆ. ಆದರೆ ಅಫೀಮಿನ ಗಿಡದ ಬೀಜವೆಂಬ ಕಾರಣದಿಂದ ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿಯೂ ಸೌದಿ ಅರೇಬಿಯದಲ್ಲಿಯೂ ಅದು ನಿಷಿದ್ಧ; ಸಿಂಗಪುರದಲ್ಲಿಯೂ ಅಲ್ಲಿನ ಮಾದಕವಸ್ತು ಇಲಾಖೆಯ ಹಿಡಿತಕ್ಕೆ ಒಳಪಟ್ಟಿದೆ. ಒಂದು ಚಿಟಿಕೆ ಗಸಗಸೆಯ ದೆಸೆಯಿಂದ ದುಬೈ ನಿಲ್ದಾಣದಲ್ಲಿ ಹಿಡಿಯಲ್ಪಟ್ಟು ಸೆರೆಮನೆಯನ್ನು ಕಂಡವರೂ ಉಂಟು. ತಾಯಿಯು ಪಾಯಸಕ್ಕೆಂದು ಇಟ್ಟ ಪೊಟ್ಟಣವು ಮಗಳಿಗೆ ಬೇಡಿಯನ್ನು ತರಬಹುದೆಂದು ಯಾವ ತಾಯಿ ತಾನೇ ಊಹಿಸಿಯಾಳು? ಊಹಿಸಲಾರಳು. ಆದುದರಿಂದಲೇ ಇದು ಊಹೆಗೆ ಬಿಡತಕ್ಕ ಸಂಗತಿಯಲ್ಲ, ತಿಳಿಯತಕ್ಕ ಸಂಗತಿ.

ಕೊಬ್ಬರಿಯ ಕಥೆಯೂ ಹೀಗೆಯೇ. ಮಂಗಳಕಾರ್ಯಗಳಲ್ಲಿ ಕೊಡುವ ಗಿಟುಕು ಕೊಬ್ಬರಿಯು ತನ್ನೊಳಗಿನ ಎಣ್ಣೆಯ ದೆಸೆಯಿಂದ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲುದು. ಈ ಕಾರಣದಿಂದ ವಿಮಾನಯಾನದ ನಿಯಮಗಳಲ್ಲಿ ಅದು ಅಪಾಯಕರ ವಸ್ತುಗಳ ಸಾಲಿಗೆ ಸೇರಿದೆ. ಹಾಲು ಮತ್ತು ಮಾಂಸದಿಂದಾದ ಪದಾರ್ಥಗಳನ್ನು ನಮ್ಮ ದೇಶದಿಂದ ಇಂಗ್ಲೆಂಡಿಗಾಗಲಿ ಯೂರೋಪಿನ ಒಕ್ಕೂಟಕ್ಕಾಗಲಿ ಒಯ್ಯುವಂತಿಲ್ಲ. ಮನೆಯ ತುಪ್ಪವೂ, ಪೇಡವೂ ಆ ಲೆಕ್ಕಕ್ಕೇ ಬರುತ್ತವೆ. ಆಸ್ಟ್ರೇಲಿಯ, ನ್ಯೂಜಿಲೆಂಡುಗಳಂತೂ ಸುತ್ತಲೂ ಕಡಲಿರುವ ದ್ವೀಪರಾಜ್ಯಗಳು. ಹೊರಗಿನ ಹುಳುಹುಪ್ಪಟೆಯಾಗಲಿ ಸಸ್ಯರೋಗವಾಗಲಿ ತಮ್ಮ ಹೊಲಗದ್ದೆಗಳನ್ನು ಹೊಕ್ಕೀತೆಂಬ ಭಯದಿಂದ ಅವು ಆಹಾರ, ಬೀಜ, ಸೊಪ್ಪುಸದೆ, ಮರದ ಸಾಮಾನು ಎಲ್ಲವನ್ನೂ ಮೊದಲೇ ಬರೆದು ತಿಳಿಸಬೇಕೆಂದು ವಿಧಿಸಿವೆ. ನ್ಯೂಜಿಲೆಂಡಿನಲ್ಲಿ ತಿಳಿಸದೆ ಒಯ್ದವರಿಗೆ ನಿಂತ ನಿಲುವಿನಲ್ಲಿಯೇ ೪೦೦ ಡಾಲರು ದಂಡ; ಆಸ್ಟ್ರೇಲಿಯದಲ್ಲಿ ದಂಡದ ಮೇಲೆ ವೀಸಾವೇ ರದ್ದಾಗುವ ಸಂಭವವೂ ಉಂಟು. ಹಿತ್ತಲಿನ ಅವರೆಯ ಬಿತ್ತನೆಯನ್ನೋ ತುಲಸಿಯ ಬೀಜವನ್ನೋ ಸೆರಗಿನಲ್ಲಿ ಗಂಟುಹಾಕಿ ಕಳುಹಿಸುವ ಅಜ್ಜಿಯರು ಇದನ್ನು ತಿಳಿಯಬೇಕು.

ಇಲ್ಲಿ ಚನ್ನಪಟ್ಟಣದವರಿಗೆ ಒಂದು ವಿಶೇಷ ಮಾತು. ಹಾಲೆಮರವನ್ನು ಕಡೆದು, ಅರಗಿನ ಬಣ್ಣ ಹಿಡಿಸಿ, ತಾಳೆಗರಿಯಿಂದ ಉಜ್ಜಿ ಹೊಳಪು ಕೊಟ್ಟ ನಮ್ಮ ಬೊಂಬೆಗಳಿಗಿಂತ ಒಳ್ಳೆಯ ಉಡುಗೊರೆಯು ಪರದೇಶದವರಿಗೆ ಮತ್ತೊಂದಿಲ್ಲ. ಹಗುರವಾದುವು, ಒಡೆಯದಂಥವು, ಊರಿನ ಗುರುತುಳ್ಳವು. ಸರಕಾರದಿಂದ ಭೌಗೋಳಿಕ ಗುರುತಿನ ಮನ್ನಣೆಯನ್ನೂ ಪಡೆದವು. ಅವನ್ನು ಒಯ್ಯಬೇಡಿರೆಂದು ನಾವು ಎಂದಿಗೂ ಹೇಳೆವು. ಆದರೆ ಆಸ್ಟ್ರೇಲಿಯದ ಸುಂಕದ ಕಟ್ಟೆಯಲ್ಲಿ ಅವು ಬೊಂಬೆಗಳಾಗುವುದಕ್ಕೆ ಮೊದಲು ಮರದ ತುಂಡುಗಳು. “ನನ್ನಲ್ಲಿ ಮರದ ಸಾಮಾನಿದೆ” ಎಂದು ಕಾಗದದಲ್ಲಿ ಗುರುತು ಹಾಕಿದವಳ ಬೊಂಬೆಯನ್ನು ತಿರುಗಿಸಿ ನೋಡುತ್ತಾರೆ, ಹುಳುವಿಲ್ಲದಿದ್ದರೆ ಹಿಂದಿರುಗಿಸುತ್ತಾರೆ. ಮುಚ್ಚಿಟ್ಟವಳು ಅದೇ ಬೊಂಬೆಗಾಗಿ ಸುಳ್ಳುಗಾತಿಯೆನ್ನಿಸಿಕೊಳ್ಳುತ್ತಾಳೆ. ನಿಯಮವು ಕೇಳುವುದು ಪ್ರಾಮಾಣಿಕತೆಯನ್ನು; ಶಾಲೆಯು ಕಲಿಸಿದ್ದೂ ಅದನ್ನೇ. ರಾಗಿಹಿಟ್ಟಿನ ವಿಷಯಕ್ಕೂ ಇದೇ ಮಾತು ಸಲ್ಲುತ್ತದೆ: ಒಯ್ಯಬಹುದೋ ಬಾರದೋ ಎಂಬುದನ್ನು ಆ ದೇಶದ ಸರಕಾರದ ಪ್ರಕಟಣೆಯಲ್ಲಿ ಮೊದಲೇ ನೋಡತಕ್ಕುದು, ಒಯ್ದುದನ್ನು ಮರೆಮಾಡದೆ ಹೇಳತಕ್ಕುದು.

ಔಷಧಗಳ ವಿಚಾರದಲ್ಲಿ ಎಚ್ಚರವು ಇನ್ನೂ ಹೆಚ್ಚಾಗಿರಬೇಕು. ಬೀದಿಯ ಅಂಗಡಿಯಲ್ಲಿ ದೊರೆಯುವ ಕೆಮ್ಮಿನ ಔಷಧದಲ್ಲಿ ಕೋಡೀನ್ ಎಂಬ ದ್ರವ್ಯವಿದ್ದರೆ, ನೋವಿನ ಗುಳಿಗೆಯು ಟ್ರಮಡಾಲ್ ಆಗಿದ್ದರೆ, ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ ಅದಕ್ಕೆ ಮುಂಚಿತವಾಗಿ ಅನುಮತಿ ಬೇಕು. ಜಪಾನಿನಲ್ಲಿ ನೆಗಡಿಯ ಕೆಲವು ಗುಳಿಗೆಗಳಿಗೂ ತಡೆಯುಂಟು. ನಿತ್ಯವೂ ಔಷಧ ಸೇವಿಸುವವರು ವೈದ್ಯರ ಚೀಟಿಯನ್ನು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆಯಿಸಿಕೊಂಡು, ಗುಳಿಗೆಗಳನ್ನು ಅಂಗಡಿಯ ಮೂಲ ಪೊಟ್ಟಣದಲ್ಲಿಯೇ ಇಟ್ಟುಕೊಂಡು, ಕೈಚೀಲದಲ್ಲಿ ಒಯ್ಯುವುದು ಉತ್ತಮ. ಹೆಸರಿಲ್ಲದ ಸೀಸೆಗೆ ಸುರಿದ ಅಜ್ಜಿಯ ಚೂರ್ಣವನ್ನು ಪರದೇಶದ ಅಧಿಕಾರಿಯು ಅಜ್ಜಿಯ ಕಣ್ಣಿನಿಂದ ನೋಡಲಾರನು.

ಎಲ್ಲಕ್ಕಿಂತ ಕೆಟ್ಟುದು ಪರರ ಗಂಟು. “ನಮ್ಮ ಹುಡುಗನೂ ಅಲ್ಲಿಯೇ ಇದ್ದಾನೆ, ಈ ಸಣ್ಣ ಪೊಟ್ಟಣವನ್ನು ತಲುಪಿಸಿಬಿಡಮ್ಮ” ಎಂದು ಕೇಳುವವರು ಪ್ರತಿ ಬೀದಿಯಲ್ಲಿಯೂ ಉಂಟು. ಬೇಡವೆನ್ನುವುದು ನಮ್ಮವರಿಗೆ ಕಷ್ಟ. ದಾಕ್ಷಿಣ್ಯವು ನಮ್ಮ ಸೀಮೆಯ ಗುಣವೂ ಹೌದು, ದೌರ್ಬಲ್ಯವೂ ಹೌದು. ಕೇಳುವವರಲ್ಲಿ ಬಹುಮಂದಿ ಸಜ್ಜನರೇ. ಆದರೆ ಆ ಗಂಟಿನೊಳಗೆ ಏನಿದೆಯೆಂಬುದಕ್ಕೆ ಕಾನೂನಿನ ಕಣ್ಣಿನಲ್ಲಿ ಹೊಣೆಗಾರಳು ಕೊಟ್ಟವಳಲ್ಲ, ಒಯ್ದವಳು. ಬಿಚ್ಚಿ ನೋಡದ, ತಾನೇ ಮರಳಿ ಕಟ್ಟದ ಯಾವ ಪೊಟ್ಟಣವೂ ಪೆಟ್ಟಿಗೆಗೆ ಸೇರಕೂಡದು. ಇದನ್ನು ಹುಡುಗಿಯ ಬಾಯಿಂದ ಹೇಳಿಸುವುದು ಕಷ್ಟವೆಂದಾದರೆ ತಂದೆಯೇ ಹೇಳಲಿ. ನೆರೆಯವರ ಮುನಿಸು ನಾಲ್ಕು ದಿನದ್ದು.

ಇನ್ನು ಪೆಟ್ಟಿಗೆಯಲ್ಲಿ ಮೊದಲು ಇರಬೇಕಾದುದು ಯಾವುದು? ಕಾಗದಪತ್ರಗಳು ಎಂಬುದೇ ನಮ್ಮ ಉತ್ತರ. ಇವುಗಳಲ್ಲಿಯೂ ಮೊದಲನೆಯದು ಹತ್ತನೆಯ ತರಗತಿಯ ಅಂಕಪಟ್ಟಿ. ಇದನ್ನು ಕೇಳಿ ಕೆಲವರು ನಕ್ಕಾರು. ಆದರೆ ೧೯೮೩ರ ವಲಸೆ ಕಾಯಿದೆಯ ವ್ಯವಸ್ಥೆಯನ್ನು ಬಲ್ಲವರು ನಗುವುದಿಲ್ಲ. ಹತ್ತನೆಯ ತರಗತಿಯಲ್ಲಿ ತೇರ್ಗಡೆ ಹೊಂದದವರ ಪಾಸ್‌ಪೋರ್ಟಿನಲ್ಲಿ ವಲಸೆಯ ಅನುಮತಿ ಬೇಕೆಂಬ ಮುದ್ರೆಯಿರುತ್ತದೆ. ಅಂಥವರು ಕೊಲ್ಲಿಯ ರಾಜ್ಯಗಳೂ ಮಲೇಶಿಯವೂ ಸೇರಿದಂತೆ ೧೮ ದೇಶಗಳಿಗೆ ಉದ್ಯೋಗಕ್ಕಾಗಿ ಹೋಗಬೇಕಾದರೆ ಸರಕಾರದ ಅಧಿಕಾರಿಯ ಅನುಮತಿಯನ್ನು ಮೊದಲು ಪಡೆಯಬೇಕು. ಆ ವರ್ಗದ ಹೆಂಗಸರಿಗೆ ೩೦ ವರ್ಷ ತುಂಬದೆ ಮನೆಗೆಲಸದಂಥ ಉದ್ಯೋಗಕ್ಕೆ ಆ ಅನುಮತಿಯೂ ದೊರೆಯದು. ಈ ನಿಯಮವು ಅವರನ್ನು ಕಾಪಾಡಲೆಂದು ಮಾಡಿದುದು. ಅದನ್ನು ತಪ್ಪಿಸುವ ದಲ್ಲಾಳಿಗಳು ಸಂದರ್ಶನದ ವೀಸಾದ ಮೇಲೆ ಬಡ ಹೆಂಗಸರನ್ನು ಸಾಗಿಸುತ್ತಾರೆ. ಹಾಗೆ ಹೋದವಳ ಪೆಟ್ಟಿಗೆಯಲ್ಲಿ ಉದ್ಯೋಗದ ಕರಾರುಪತ್ರವಿರುವುದಿಲ್ಲ. ಕರಾರಿಲ್ಲದವಳಿಗೆ ಸಂಬಳ ಬಾರದಿದ್ದರೆ ತೋರಿಸಲು ಒಂದು ಚೂರು ಕಾಗದವೂ ಇರುವುದಿಲ್ಲ. ಮಗಳನ್ನು ಒಂಬತ್ತನೆಯ ತರಗತಿಯಲ್ಲಿಯೇ ಬಿಡಿಸಲು ಯೋಚಿಸುವ ತಂದೆಯು, ಮುಂದೆ ಕಡಲಾಚೆ ಅವಳನ್ನು ಕಾಯುವ ಒಂದು ಕಾಗದವನ್ನು ತಾನೇ ಹರಿದುಹಾಕುತ್ತಿದ್ದಾನೆ ಎಂಬುದನ್ನು ನೆನೆಯಬೇಕು.

ನ್ಯಾಯವಾದ ದಾರಿಯಲ್ಲಿ ಅನುಮತಿ ಪಡೆದು ಹೋಗುವವರಿಗೆ ಪ್ರವಾಸಿ ಭಾರತೀಯ ವಿಮಾ ಯೋಜನೆಯುಂಟು. ೨೦೧೭ರಲ್ಲಿ ಪರಿಷ್ಕರಿಸಿದಾಗ ಎರಡು ವರ್ಷಕ್ಕೆ ೨೭೫ ರೂಪಾಯಿಯ ಕಂತಿಗೆ, ಅಪಘಾತದಲ್ಲಿ ಮರಣವಾದರೆ ೧೦ ಲಕ್ಷ ರೂಪಾಯಿಯ ರಕ್ಷಣೆಯನ್ನು ಅದು ಗೊತ್ತುಪಡಿಸಿತು. ದಲ್ಲಾಳಿಗೆ ಸಾವಿರಗಟ್ಟಲೆ ಎಣಿಸುವವರು ಈ ಚಿಕ್ಕ ಕಂತಿನ ಕಾಗದವು ಪೆಟ್ಟಿಗೆಯಲ್ಲಿದೆಯೇ ಎಂದು ವಿಚಾರಿಸಬೇಡವೇ? ವಿದ್ಯೆಗಾಗಿ ಅಥವಾ ದಾದಿಯ ಕೆಲಸಕ್ಕಾಗಿ ಹೋಗುವವರು ತಮ್ಮ ಪ್ರಮಾಣಪತ್ರಗಳನ್ನು ಸರಕಾರದಿಂದ ದೃಢೀಕರಿಸಿಕೊಳ್ಳಬೇಕು. ೧೯೬೧ರ ಹೇಗ್ ಒಪ್ಪಂದಕ್ಕೆ ನಮ್ಮ ದೇಶವು ೨೦೦೫ರಲ್ಲಿ ಸೇರಿತಾದ್ದರಿಂದ, ಆ ಒಪ್ಪಂದದ ದೇಶಗಳಿಗೆ ನಮ್ಮ ವಿದೇಶಾಂಗ ಇಲಾಖೆಯ ಅಪೋಸ್ಟಿಲ್ ಮುದ್ರೆಯೊಂದೇ ಸಾಕು. ಇತರ ದೇಶಗಳಿಗೆ ಆಯಾ ರಾಯಭಾರ ಕಚೇರಿಯ ಮುದ್ರೆಯೂ ಬೇಕಾಗುತ್ತದೆ. ಆಫ್ರಿಕಾ ಖಂಡದ ಅನೇಕ ದೇಶಗಳಿಗೆ ಹೋಗುವವರು ಹಳದಿ ಜ್ವರದ ಚುಚ್ಚುಮದ್ದನ್ನು ಹತ್ತು ದಿನ ಮುಂಚೆಯೇ ಹಾಕಿಸಿಕೊಂಡು ಅದರ ಚೀಟಿಯನ್ನೂ ಇಟ್ಟುಕೊಳ್ಳಬೇಕು. ಇವೆಲ್ಲ ಒಂದು ವಾರದಲ್ಲಿ ಆಗುವ ಕೆಲಸಗಳಲ್ಲ. ಪೆಟ್ಟಿಗೆಯನ್ನು ಕೊಳ್ಳುವುದಕ್ಕಿಂತ ತಿಂಗಳುಗಟ್ಟಲೆ ಮುಂಚೆಯೇ ಪೆಟ್ಟಿಗೆಯ ಕೆಲಸವು ಮೊದಲಾಗಬೇಕು.

ಪಾಸ್‌ಪೋರ್ಟಿನ ವಿಷಯದಲ್ಲಿ ನಮ್ಮ ಮಾತು ಖಂಡಿತವಾದುದು. ಅದು ಹೊರಟವಳ ಕೈಯಲ್ಲಿರಬೇಕು. ಗಂಡನ ಚೀಲದಲ್ಲಿಯೂ ಅಲ್ಲ, ದಲ್ಲಾಳಿಯ ಜೇಬಿನಲ್ಲಿಯೂ ಅಲ್ಲ, ತಲುಪಿದ ಮೇಲೆ ಯಜಮಾನನ ಬೀರುವಿನಲ್ಲಿಯೂ ಅಲ್ಲ. ಪಾಸ್‌ಪೋರ್ಟು ಭಾರತ ಸರಕಾರದ ಸ್ವತ್ತು. ಕೆಲಸ ಕೊಟ್ಟವನಿಗೆ ಅದನ್ನು ಹಿಡಿದಿಡುವ ಹಕ್ಕಿಲ್ಲ, ಕೊಲ್ಲಿಯ ಹಲವು ರಾಜ್ಯಗಳ ಕಾನೂನು ಕೂಡ ಅದನ್ನು ನಿಷೇಧಿಸಿದೆ. ಆದರೂ ಹಾಗೆ ನಡೆಯುವುದುಂಟು. ಆದಕಾರಣ ಪಾಸ್‌ಪೋರ್ಟು, ವೀಸಾ, ಕರಾರುಪತ್ರ ಇವುಗಳ ಮೂರು ಪ್ರತಿಗಳನ್ನು ಮಾಡಿಸಿ, ಒಂದನ್ನು ಊರಿನಲ್ಲಿ ತಾಯಿತಂದೆಗಳ ಬಳಿಯಲ್ಲಿಯೂ, ಒಂದನ್ನು ಪೆಟ್ಟಿಗೆಯ ಒಳಪದರದಲ್ಲಿಯೂ, ಒಂದನ್ನು ಮೈಮೇಲಿನ ಕೈಚೀಲದಲ್ಲಿಯೂ ಇಡತಕ್ಕುದು. ಆ ದೇಶದ ಭಾರತೀಯ ರಾಯಭಾರ ಕಚೇರಿಯ ದೂರವಾಣಿಯ ಅಂಕಿಯನ್ನು ಫೋನಿನಲ್ಲಿ ಬರೆದಿಟ್ಟರೆ ಸಾಲದು, ಏಕೆಂದರೆ ಫೋನನ್ನೂ ಕಸಿದುಕೊಳ್ಳಬಹುದು. ಮಗ್ಗಿಯಂತೆ ಬಾಯಿಪಾಠ ಮಾಡಬೇಕು. ತಲೆಯಲ್ಲಿ ಇಟ್ಟುಕೊಂಡುದನ್ನು ಯಾವ ಸುಂಕದವನೂ ತೆಗೆಯಲಾರನು, ಯಾವ ಯಜಮಾನನೂ ಬೀಗ ಹಾಕಲಾರನು.

ಬಟ್ಟೆಬರೆಗಳ ವಿಚಾರಕ್ಕೆ ಬರೋಣ. ಮಹಾರಾಷ್ಟ್ರದ ಆನಂದೀಬಾಯಿ ಜೋಶಿಯವರು ೧೮೮೩ರಲ್ಲಿ, ಹದಿನೆಂಟು ವಯಸ್ಸಿನಲ್ಲಿ, ಕಲ್ಕತ್ತೆಯಿಂದ ಹಡಗನ್ನೇರಿ ಅಮೆರಿಕಕ್ಕೆ ಹೋದರು. ಫಿಲಡೆಲ್ಫಿಯದ ಹೆಂಗಸರ ವೈದ್ಯಕಾಲೇಜಿನಲ್ಲಿ ೧೮೮೬ರಲ್ಲಿ ವೈದ್ಯಪದವಿಯನ್ನು ಪಡೆದರು. ತಮ್ಮ ಉಡುಗೆಯನ್ನೂ ಸಸ್ಯಾಹಾರವನ್ನೂ ಬಿಡಲಾರೆನೆಂಬ ನಿಷ್ಠೆ ಅವರದು. ಆದರೆ ಅಲ್ಲಿನ ಚಳಿಯ ನಡುವೆ, ಒಗ್ಗದ ಊಟದ ನಡುವೆ ಅವರ ದೇಹವು ಕೃಶವಾಯಿತು. ಕ್ಷಯರೋಗಕ್ಕೆ ತುತ್ತಾಗಿ, ಸ್ವದೇಶಕ್ಕೆ ಹಿಂದಿರುಗಿದ ಕೆಲವೇ ತಿಂಗಳಲ್ಲಿ, ೧೮೮೭ರ ಫೆಬ್ರವರಿಯಲ್ಲಿ, ಇಪ್ಪತ್ತೆರಡು ತುಂಬುವುದಕ್ಕೆ ಮುಂಚೆಯೇ ತೀರಿಕೊಂಡರು. ಅವರ ಧೈರ್ಯವನ್ನು ಸ್ಮರಿಸುವ ನಾವು ಅವರ ದೇಹಕಷ್ಟವನ್ನೂ ಸ್ಮರಿಸಬೇಕು. ಉಣ್ಣೆಯ ಅಂಗಿ, ಕಾಲುಚೀಲ, ನೀರು ಹೊಗದ ಜೋಡು ಇವುಗಳನ್ನು ತೊಡುವುದು ಆಚಾರವನ್ನು ಬಿಟ್ಟಂತಲ್ಲ. ರಾಮನಗರದ ಗೂಡಿನ ಮಾರುಕಟ್ಟೆಯ ನೂಲಿನಿಂದ ನೆಯ್ದ ರೇಷ್ಮೆಯ ಸೀರೆ ಒಂದಿರಲಿ. ಒಳ್ಳೆಯ ದಿನಕ್ಕೆ ಅದು ಬೇಕು. ಆರು ಬೇಡ. ಆ ಐದರ ಜಾಗದಲ್ಲಿ ಬೆಚ್ಚಗಿನ ಬಟ್ಟೆ ಎರಡು ಹಿಡಿಸುತ್ತವೆ. ಒಡವೆಗಳನ್ನಂತೂ ಮನೆಯಲ್ಲಿಯೇ ಬಿಟ್ಟುಹೋಗುವುದು ಲೇಸು.

ಅಡಿಗೆಮನೆಯ ಯಂತ್ರಗಳ ಮೇಲಿನ ಮೋಹವನ್ನು ಕುರಿತು ಒಂದು ಮಾತು. ನಮ್ಮ ಮನೆಗಳ ವಿದ್ಯುತ್ತು ೨೩೦ ವೋಲ್ಟು, ಅಮೆರಿಕದ್ದು ೧೨೦. ಇಲ್ಲಿ ದೋಸೆಯ ಹಿಟ್ಟನ್ನು ನುಣ್ಣಗೆ ಅರೆಯುವ ಮಿಕ್ಸಿಯು ಅಲ್ಲಿ ಸರಿಯಾಗಿ ತಿರುಗುವುದೇ ಇಲ್ಲ. ನಾಲ್ಕೈದು ಕಿಲೋ ಭಾರವನ್ನು ಹೊತ್ತದ್ದೇ ಲಾಭ. ಇಂಗ್ಲೆಂಡ್, ದುಬೈ, ಸಿಂಗಪುರಗಳಲ್ಲಿ ವೋಲ್ಟು ಸರಿಹೋದರೂ ಗೋಡೆಯ ತೂತುಗಳು ಚಪ್ಪಟೆ; ನಮ್ಮ ದುಂಡು ಮೊಳೆಗಳು ಹಿಡಿಸವು. ಹತ್ತು ತೊಲದ ಒಂದು ಸಣ್ಣ ಪ್ಲಗ್ಗು ಆ ತೊಡಕನ್ನು ಬಿಡಿಸುತ್ತದೆ. ಬಹುಮಟ್ಟಿಗೆ ವಿಮಾನಸಂಸ್ಥೆಗಳು ಒಂದು ಪೆಟ್ಟಿಗೆಗೆ ಬಿಡುವ ತೂಕ ೨೩ ಕಿಲೋ. ಹಣ ಕೊಟ್ಟರೂ ಒಂದೇ ಪೆಟ್ಟಿಗೆಯು ೩೨ ಕಿಲೋ ಮೀರುವಂತಿಲ್ಲ, ಏಕೆಂದರೆ ಅದನ್ನು ಎತ್ತಿ ಇಳಿಸುವ ಕೂಲಿಯಾಳೂ ಮನುಷ್ಯನೇ. ಫೋನಿಗೆ ಚೈತನ್ಯ ತುಂಬುವ ಪವರ್‌ಬ್ಯಾಂಕನ್ನು ಪೆಟ್ಟಿಗೆಯಲ್ಲಿಡದೆ ಕೈಚೀಲದಲ್ಲಿಯೇ ಇಡಬೇಕು. ಕೈಚೀಲದಲ್ಲಿ ದ್ರವಪದಾರ್ಥಗಳ ಸೀಸೆಯು ೧೦೦ ಮಿಲಿಲೀಟರಿಗೆ ಮೀರಬಾರದೆಂಬುದು ೨೦೦೬ರಿಂದ ಬಹುಭಾಗ ನಡೆದುಬಂದ ನಿಯಮ.

ಇಷ್ಟನ್ನು ಓದಿದ ತಾಯಿಯೊಬ್ಬಳು ನಮ್ಮನ್ನು ಕೇಳಬಹುದು: “ಎಲ್ಲವನ್ನೂ ಬೇಡವೆಂದಿರಿ. ನನ್ನ ಮಗಳು ಅಪರಿಚಿತರ ನಡುವೆ ಮೊದಲ ರಾತ್ರಿ ಏನನ್ನು ತಿನ್ನಬೇಕು? ಚಟ್ನಿಪುಡಿಯ ವಾಸನೆಯಲ್ಲಿ ಅವಳಿಗೆ ಮನೆ ಕಾಣುತ್ತದೆಂಬುದು ನಿಮಗೆ ತಿಳಿಯದೇ?” ತಿಳಿಯುತ್ತದೆ, ತಾಯಿ. ಈ ಮಾತಿನಲ್ಲಿ ಸತ್ಯವಿದೆ. ಅದನ್ನು ನಾವು ಹಗುರಾಗಿ ಎಣಿಸುವುದಿಲ್ಲ. ಮನೆಯ ರುಚಿಯು ಮನಸ್ಸಿಗೆ ಔಷಧ. ಆದರೆ ಔಷಧಕ್ಕೆ ಪ್ರಮಾಣವುಂಟು. ಆ ದೇಶದ ನಿಯಮವು ಒಪ್ಪುವ ಒಂದೆರಡು ಪುಡಿಗಳನ್ನು, ಬಿಗಿಯಾಗಿ ಮುಚ್ಚಿದ ಪೊಟ್ಟಣದಲ್ಲಿ, ಹೆಸರು ಬರೆದು ಕಳುಹಿಸಿರಿ. ಅದರ ಜೊತೆಗೆ ಆ ಪುಡಿಯನ್ನು ಮಾಡುವ ಕ್ರಮವನ್ನು ನಿಮ್ಮ ಕೈಯಕ್ಷರದಲ್ಲಿ ಬರೆದು ಕೊಡಿರಿ. ಪುಡಿಯು ಎರಡು ತಿಂಗಳಿಗೆ ಮುಗಿದೀತು. ಮಾಡುವ ಕ್ರಮವು ಮುಗಿಯದು, ತೂಗದು, ಯಾವ ದೇಶದಲ್ಲಿಯೂ ನಿಷಿದ್ಧವಲ್ಲ. ಬರೆಯಲು ಬಾರದ ತಾಯಿಯಾದರೆ ಹೊರಡುವ ಹಿಂದಿನ ತಿಂಗಳು ಮಗಳನ್ನು ಒಲೆಯ ಮುಂದೆ ನಿಲ್ಲಿಸಿಕೊಂಡು ಕಲಿಸಲಿ. ಪೆಟ್ಟಿಗೆಯಲ್ಲಿ ಕಳುಹಿಸುವ ಪ್ರೀತಿಗಿಂತ ಕೈಯಲ್ಲಿ ಕಳುಹಿಸುವ ಪ್ರೀತಿಯು ಹೆಚ್ಚು ಬಾಳುತ್ತದೆ.

ಇನ್ನೊಂದು ಆಕ್ಷೇಪಣೆಯು ತಂದೆಗಳದು: “ಹುಡುಗಿ ಚಿಕ್ಕವಳು, ಅವಳಿಗೆ ಬಿಟ್ಟರೆ ಬೇಕಾದುದನ್ನೇ ಮರೆತಾಳು.” ಹಾಗಾದರೆ ಕೇಳುತ್ತೇವೆ: ಪೆಟ್ಟಿಗೆಯನ್ನು ತುಂಬಲು ಚಿಕ್ಕವಳಾದವಳು ಒಬ್ಬಳೇ ಪರದೇಶದಲ್ಲಿ ಬಾಳಲು ದೊಡ್ಡವಳಾದದ್ದು ಹೇಗೆ? ಮರೆಯುವುದಾದರೆ ಊರಿನಲ್ಲಿಯೇ ಮರೆಯಲಿ, ಇಲ್ಲಿ ತಿದ್ದಬಹುದು. ಹೊರಡುವ ಹದಿನೈದು ದಿನ ಮುಂಚೆ ಅವಳೇ ಒಂದು ಪಟ್ಟಿಯನ್ನು ಬರೆಯಲಿ, ಅವಳೇ ತುಂಬಲಿ, ತಕ್ಕಡಿಯ ಮೇಲೆ ಅವಳೇ ತೂಗಲಿ, ತುಂಬಿದ ಪೆಟ್ಟಿಗೆಯನ್ನು ಮೇಲಿನ ಅಂತಸ್ತಿಗೆ ಅವಳೇ ಎತ್ತಿ ಒಯ್ಯಲಿ. ಎತ್ತಲಾರದಷ್ಟು ಭಾರವಾದರೆ ಅರ್ಧವನ್ನು ತೆಗೆಯುವ ಬುದ್ಧಿಯು ತಾನಾಗಿ ಬರುತ್ತದೆ. ಹಿರಿಯರು ಹತ್ತಿರ ಕುಳಿತು ಕೇಳಲಿ: “ಇದೇಕೆ? ಇದು ಯಾರದು? ಇದನ್ನು ಅಲ್ಲಿ ಒಪ್ಪುತ್ತಾರೆಯೇ?” ಕೇಳುವ ಹಕ್ಕು ಹಿರಿಯರದು, ತುಂಬುವ ಹೊಣೆ ಅವಳದು. ನಿಲ್ದಾಣದಲ್ಲಿ ಆ ಪ್ರಶ್ನೆಯು ಬಂದಾಗ ಅವಳು ಹೇಳುವ “ಹೌದು” ಎಂಬುದು ಆಗ ಸತ್ಯವಾದ ಉತ್ತರವಾಗುತ್ತದೆ.

ನಮ್ಮ ಶಾಲೆಗಳಿಗೂ ಇದರಲ್ಲಿ ಕರ್ತವ್ಯವುಂಟು. ಭೂಗೋಳವನ್ನು ಕಲಿಸುತ್ತೇವೆ, ದೇಶಗಳ ರಾಜಧಾನಿಗಳನ್ನು ಬಾಯಿಪಾಠ ಮಾಡಿಸುತ್ತೇವೆ. ಆ ರಾಜಧಾನಿಯನ್ನು ತಲುಪಿದವಳು ಮೊದಲ ದಿನ ಏನನ್ನು ಮಾಡಬೇಕೆಂಬುದನ್ನು ಕಲಿಸುವುದಿಲ್ಲ. ಹತ್ತನೆಯ ತರಗತಿಯ ಬಾಲಿಕೆಯರಿಗೆ ವರ್ಷಕ್ಕೆ ಎರಡು ಗಂಟೆಗಳ ಪಾಠ ಸಾಕು: ಪಾಸ್‌ಪೋರ್ಟು ಎಂದರೇನು, ಕರಾರುಪತ್ರವನ್ನು ಓದುವುದು ಹೇಗೆ, ರಾಯಭಾರ ಕಚೇರಿಯು ಯಾವ ಸಹಾಯ ಮಾಡುತ್ತದೆ, ಸುಂಕದ ಕಟ್ಟೆಯಲ್ಲಿ ಏನನ್ನು ತಿಳಿಸಬೇಕು. ಹೊರದೇಶಗಳಲ್ಲಿರುವ ಹಳೆಯ ವಿದ್ಯಾರ್ಥಿನಿಯರು ತಾವಿರುವ ದೇಶದ ಹವೆ, ಬೆಲೆ, ನಡವಳಿಕೆ, ನಿಯಮ ಇವುಗಳನ್ನು ಒಂದು ಪುಟದಷ್ಟು ಬರೆದು ಶಾಲೆಗೆ ಕಳುಹಿಸಿದರೆ, ಅದು ಮುಂದೆ ಹೊರಡುವ ಬಾಲಿಕೆಗೆ ದೊಡ್ಡ ಉಪಕಾರವಾದೀತು. ಈ ಪ್ರಾರ್ಥನೆಯನ್ನು ಅವರ ಮುಂದೆ ಇಡುತ್ತೇವೆ. ಮೊದಲು ಹೋದವಳ ಅನುಭವವೇ ಹಿಂದೆ ಬರುವವಳ ಬುತ್ತಿ.

ಮೈಸೂರು ಸಂಸ್ಥಾನದಲ್ಲಿ ೧೯೨೨ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿಯವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನು ಓದಿ, ೧೯೪೭ರಲ್ಲಿ ಸರಕಾರದ ವಿದ್ಯಾರ್ಥಿವೇತನದ ಮೇಲೆ ಹಡಗಿನಲ್ಲಿ ಅಮೆರಿಕಕ್ಕೆ ಹೋದರು. ಮಿಶಿಗನ್ ವಿಶ್ವವಿದ್ಯಾನಿಲಯದಲ್ಲಿ ವಿದ್ಯುತ್ ಎಂಜಿನಿಯರಿಂಗಿನಲ್ಲಿ ಡಾಕ್ಟರ್ ಪದವಿಯನ್ನು ಪಡೆದು, ೧೯೫೩ರಲ್ಲಿ ಹಿಂದಿರುಗಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾಗಿ ಸೂಕ್ಷ್ಮತರಂಗಗಳ ವಿದ್ಯೆಯನ್ನು ಬೆಳೆಸಿದರು, ೨೦೧೦ರಲ್ಲಿ ಕಾಲವಾದರು. ಅವರ ಪೆಟ್ಟಿಗೆಯಲ್ಲಿ ಏನೇನಿದ್ದಿತೆಂಬುದು ಮುಖ್ಯವಲ್ಲ. ಹೋಗುವಾಗ ಅವರು ಹೊತ್ತುದು ಗಣಿತ, ಬರುವಾಗ ಹೊತ್ತುದು ಈ ನಾಡಿಗೆ ಆಗ ಹೊಸದಾಗಿದ್ದ ಒಂದು ವಿದ್ಯೆ. ಇವೆರಡನ್ನೂ ಯಾವ ತಕ್ಕಡಿಯೂ ತೂಗಲಿಲ್ಲ.

ಆದುದರಿಂದ, ಪ್ರಿಯ ಸೋದರಿಯರೇ, ದೇಶ ಸುತ್ತು, ಕೋಶ ಓದು ಎಂದ ಹಿರಿಯರ ಮಾತನ್ನು ನಡೆಸಲು ಹೊರಡುವಾಗ ಪೆಟ್ಟಿಗೆಯಲ್ಲಿ ಸ್ವಲ್ಪ ಜಾಗವನ್ನು ಬರಿದಾಗಿಯೇ ಬಿಡಿರಿ. ಅಲ್ಲಿಂದ ತರತಕ್ಕವುಗಳಿಗೆ ಸ್ಥಳ ಬೇಕು. ಮಾನ್ಯ ತಾಯಿತಂದೆಗಳೇ, ಆ ಬರಿಯ ಜಾಗವನ್ನು ನೋಡಿ ಮಗಳಿಗೆ ಕಡಿಮೆ ಕೊಟ್ಟೆವೆಂದು ಮರುಗಬೇಡಿರಿ. ಅವಳ ಹೆಸರಿನ ಕಾಗದಗಳು ಅವಳ ಕೈಯಲ್ಲಿವೆ; ತಿಳಿಯಬೇಕಾದ ಅಂಕಿಗಳು ತಲೆಯಲ್ಲಿವೆ; ಅಡಿಗೆಯ ಕ್ರಮವು ಬೆರಳುಗಳಲ್ಲಿದೆ; ಮುಚ್ಚಿಡಬೇಕಾದ ಒಂದು ಪೊಟ್ಟಣವೂ ಅವಳಲ್ಲಿಲ್ಲ. ಹೀಗೆ ಹೊರಟವಳನ್ನು ಯಾವ ದೇಶದ ಬಾಗಿಲಲ್ಲಿ ಯಾರು ನಿಲ್ಲಿಸಿ ಕೇಳಿದರೂ ಅವಳು ತಲೆಯೆತ್ತಿ ಉತ್ತರ ಹೇಳಬಲ್ಲಳು. ಅಂಥ ಮಕ್ಕಳು ನಮ್ಮ ನಾಲ್ಕು ಊರುಗಳಿಂದಲೂ ಹೆಚ್ಚು ಹೆಚ್ಚಾಗಿ ಹೊರಡಲಿ, ಕ್ಷೇಮವಾಗಿ ಹಿಂದಿರುಗಲಿ ಎಂದು ಹಾರೈಸುತ್ತೇವೆ.